ಹಾದುಹೋಗುವ ನಾಯಿಯ ಕಿವಿ

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ನಮ್ಮ ಸಭೆಯಲ್ಲಿ ಅಣ್ಣತಮ್ಮಂದಿರ ಎರಡು ಕುಟುಂಬಗಳಿವೆ. ತಂದೆ ಉಯಿಲು ಬರೆಯದೆ ತೀರಿಕೊಂಡ ಮೇಲೆ ಮನೆಗೂ ಅದರ ಹಿಂದಿನ ಹನ್ನೆರಡು ಗುಂಟೆ ಜಾಗಕ್ಕೂ ಜಗಳ ಹತ್ತಿದೆ. ತಾಯಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ತಂಗಿಯೊಬ್ಬಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ತಮ್ಮನ ಹೆಂಡತಿ ನನ್ನ ಗೆಳತಿ. ಆಕೆ ಅಳುತ್ತಾ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜನ್ನು, ಇವಳ ನೋವು ಅವರಿಗೂ ಅರ್ಥವಾಗಲಿ ಎಂದು ಅಣ್ಣನ ಹೆಂಡತಿಗೆ ಫಾರ್ವರ್ಡ್ ಮಾಡಿದೆ. ಮಾರನೇ ದಿನ ಎರಡು ಮನೆಯವರೂ ಬೀದಿಗೆ ಬಂದರು. ಅಣ್ಣನ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಗೆಳತಿ ಎರಡು ವಾರ ಮುನಿಸಿಕೊಂಡಿದ್ದು, ಈಗ ಮತ್ತೆ ದಿನಾ ಸಂಜೆ ಬಂದು ಅಳುತ್ತಾಳೆ. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ ಮುಂದೆ ನಾನು ಅವರ ಪರ ಮಾತಾಡಬೇಕಂತೆ. ನಮ್ಮ ಯಜಮಾನರು ಬೈಬಲಿನ ಜ್ಞಾನೋಕ್ತಿ ಪುಸ್ತಕದ ನಾಯಿ ಕಿವಿಯ ವಚನ ತೋರಿಸಿ ಸುಮ್ಮನಿರು ಅನ್ನುತ್ತಾರೆ. ಆದರೆ ಸಮಾಧಾನಪಡಿಸುವವರು ಧನ್ಯರು ಎಂದು ಯೇಸುವೇ ಹೇಳಿದ್ದಾನಲ್ಲ? ಯಾವುದನ್ನು ಪಾಲಿಸಲಿ? ಬರುವ ಭಾನುವಾರ ಕರ್ತನ ಭೋಜನವಿದೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ), ಹೋಗಲೋ ಬೇಡವೋ?

ಉತ್ತರ:

ಸಹೋದರಿ, ನಿಮ್ಮ ಯಜಮಾನರು ತೋರಿಸಿದ ವಚನದಿಂದಲೇ ಶುರು ಮಾಡುತ್ತೇನೆ. ವಚನ ಸರಿಯಾದದ್ದೇ, ಆದರೆ ತೋರಿಸಿದ ಹೊತ್ತು ತಡವಾಯಿತು.

ಜ್ಞಾನೋಕ್ತಿ 26:17 ಹೇಳುವುದಿಷ್ಟು: ತನಗೆ ಸಂಬಂಧಪಡದ ಜಗಳದಲ್ಲಿ ತಲೆಹಾಕುವವನು ಹಾದುಹೋಗುವ ನಾಯಿಯ ಕಿವಿ ಹಿಡಿದವನ ಹಾಗೆ. ಇಲ್ಲಿ ನಾಯಿ ಎಂದರೆ ಮನೆಯ ಸೋಫಾದ ಮೇಲೆ ಮಲಗುವ ನಾಯಿಯನ್ನು ನೆನೆಯಬೇಡಿ. ಬೈಬಲಿನ ಕಾಲದ ಊರುಗಳ ನಾಯಿಗಳು ನಮ್ಮ ಬಸ್‌ಸ್ಟ್ಯಾಂಡಿನ ನಾಯಿಗಳ ಜಾತಿಯವು. ಹಸಿದವು, ಗುಂಪಾಗಿ ತಿರುಗುವವು, ಯಾರ ಕೈಗೂ ಒಗ್ಗದವು. ಅಂಥದ್ದು ತನ್ನ ಪಾಡಿಗೆ ಹೋಗುತ್ತಿದೆ. ನೀವು ಬಗ್ಗಿ ಎರಡೂ ಕಿವಿ ಹಿಡಿದಿರಿ. ಈಗ ಹಿಡಿದುಕೊಂಡೇ ಇದ್ದರೆ ಕೈ ಸೋಲುತ್ತದೆ, ಬಿಟ್ಟರೆ ಕಚ್ಚುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಎಂದು ನಾವು ಹೇಳುತ್ತೇವಲ್ಲ, ಅದೇ. ಹೀಬ್ರೂ ಮೂಲದಲ್ಲಿ ಈ ವಚನಕ್ಕೆ ಒಂದು ಪ್ರಾಸವೂ ಇದೆ: ‘ಓಬೇರ್ ಮಿತ್‌ಅಬ್ಬೇರ್’, ಅಂದರೆ ಹಾದುಹೋಗುತ್ತಾ ಮೈಮೇಲೆ ಎಳೆದುಕೊಳ್ಳುವವನು, ರೇಗುವವನು. ಆ ‘ಹಾದುಹೋಗುವ’ ಎನ್ನುವುದು ನಾಯಿಗೆ ಸೇರಿದ್ದೋ ಮನುಷ್ಯನಿಗೆ ಸೇರಿದ್ದೋ ಎಂದು ಭಾಷಾಂತರಕಾರರು ಇವತ್ತಿಗೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಹಳೆಯ ಗ್ರೀಕ್ ಭಾಷಾಂತರವಾದ ಸೆಪ್ಟುಅಜಿಂಟ್‌ನಲ್ಲಂತೂ ಕಿವಿಯೇ ಇಲ್ಲ, ಬಾಲ ಇದೆ. ಯಾವುದನ್ನು ಹಿಡಿದರೂ ಕಚ್ಚಿಸಿಕೊಳ್ಳುವುದು ಮಾತ್ರ ತಪ್ಪುವುದಿಲ್ಲ.

ಕಿವಿ ಹಿಡಿಯುವ ಮುಂಚೆ ಓದಬೇಕಾದ ವಚನ ಇದು. ನೀವು ಹಿಡಿದಾಗಿದೆ. ಹಿಡಿದವರಿಗೆ ‘ಸುಮ್ಮನಿರು’ ಎನ್ನುವ ಸಲಹೆ ಸಾಲದು. ಅದಕ್ಕೇ ನಿಮ್ಮ ಎರಡನೇ ವಚನವನ್ನೂ ಕೈಗೆತ್ತಿಕೊಳ್ಳಬೇಕು.

ಮತ್ತಾಯ 5:9ರ ‘ಸಮಾಧಾನಪಡಿಸುವವರು’ ಮತ್ತು ಜ್ಞಾನೋಕ್ತಿಯ ‘ತಲೆಹಾಕುವವನು’ ಹೊರಗಿನಿಂದ ನೋಡಿದರೆ ಒಂದೇ ಕೆಲಸ ಮಾಡುತ್ತಿರುತ್ತಾರೆ. ಇಬ್ಬರೂ ಬೇರೆಯವರ ಮನೆಯ ಹೊಸ್ತಿಲು ದಾಟಿದವರು, ಇಬ್ಬರದೂ ಒಳ್ಳೆಯ ಉದ್ದೇಶವೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಸತ್ಯವೇದವನ್ನು (ಬೈಬಲನ್ನು) ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಎರಡು ಗುರುತು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ನಿನ್ನನ್ನು ಕರೆದವರು ಯಾರು? ಎರಡು, ನಿನ್ನ ಕೈಯಿಂದ ಏನು ಖರ್ಚಾಗುತ್ತದೆ?

ಮೊದಲನೆಯದಕ್ಕೆ ಮೋಶೆಯ ಕಥೆ. ವಿಮೋಚನಕಾಂಡದ ಎರಡನೇ ಅಧ್ಯಾಯದಲ್ಲಿ ಇಬ್ಬರು ಇಬ್ರಿಯರು ಹೊಡೆದಾಡುವುದನ್ನು ಅವನು ಕಂಡು, ತಪ್ಪು ಮಾಡಿದವನಿಗೆ, ನಿನ್ನವನನ್ನೇ ಯಾಕೆ ಹೊಡೆಯುತ್ತೀ ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಬಂದ ಉತ್ತರ: ನಿನ್ನನ್ನು ನಮ್ಮ ಮೇಲೆ ಅಧಿಕಾರಿ ಮಾಡಿದವರು ಯಾರು, ನ್ಯಾಯಾಧಿಪತಿ ಮಾಡಿದವರು ಯಾರು? ಹಿಂದಿನ ದಿನ ಅವನು ಐಗುಪ್ತ್ಯನೊಬ್ಬನನ್ನು (ಈಜಿಪ್ಟಿನವನನ್ನು) ಕೊಂದು ಮರಳಲ್ಲಿ ಹೂತಿದ್ದ. ಆ ಗುಟ್ಟೂ ಈ ಜಗಳದಲ್ಲೇ ಹೊರಬಿತ್ತು. ಮೋಶೆ ದೇಶ ಬಿಟ್ಟು ಓಡಿದ. ಬೇರೆಯವರ ಜಗಳಕ್ಕೆ ಹೋದವನ ಸ್ವಂತ ಬಂಡವಾಳ ಬಯಲಾಗುವುದು ಹೊಸದೇನಲ್ಲ ನೋಡಿ.

ಅದೇ ಮೋಶೆ ಅದೇ ಪುಸ್ತಕದ ಹದಿನೆಂಟನೇ ಅಧ್ಯಾಯದಲ್ಲಿ ಬೆಳಗಿನಿಂದ ಸಂಜೆಯ ತನಕ ಕೂತು ಜನರ ವ್ಯಾಜ್ಯ ಕೇಳುತ್ತಾನೆ. ಈಗ ಯಾರೂ ‘ನೀನು ಯಾರು’ ಅನ್ನುವುದಿಲ್ಲ, ಏಕೆಂದರೆ ಜನರೇ ಅವನ ಬಳಿಗೆ ಬಂದು ಸಾಲಾಗಿ ನಿಂತಿದ್ದಾರೆ. ಆಗಲೂ ಅವನ ಮಾವ ಇತ್ರೋ ನೋಡಿ, ಹೀಗೆ ಮಾಡಿದರೆ ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಕೆಲಸ ಹಂಚು ಎಂದು ಗದರಿಸುತ್ತಾನೆ. ಅಂದರೆ ಕರೆ ಇದ್ದವನಿಗೂ ಎಲ್ಲ ಜಗಳವೂ ತನ್ನದಲ್ಲ.

ಈಗ ಲೂಕ 12:13. ಇದು ನಿಮ್ಮ ಕಾಗದಕ್ಕೇ ಬರೆದ ಹಾಗಿದೆ. ಗುಂಪಿನಿಂದ ಒಬ್ಬ ಕೂಗುತ್ತಾನೆ: ಬೋಧಕನೇ, ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ (ತಮ್ಮನೂ ಇರಬಹುದು, ಗ್ರೀಕಿನಲ್ಲಿ ಎರಡಕ್ಕೂ ಒಂದೇ ಪದ) ಹೇಳು. ಆತ ಕೇಳಿದ್ದನ್ನು ಗಮನಿಸಿ. ‘ನಮ್ಮಿಬ್ಬರ ಮಾತನ್ನೂ ಕೇಳಿ ತೀರ್ಮಾನ ಮಾಡು’ ಅನ್ನಲಿಲ್ಲ. ತೀರ್ಮಾನ ಅವನ ತಲೆಯಲ್ಲಿ ಆಗಿಹೋಗಿದೆ, ಅದನ್ನು ಓದಿ ಹೇಳಲು ದೊಡ್ಡ ಗಂಟಲೊಂದು ಬೇಕಾಗಿದೆ. ನಿಮ್ಮ ಗೆಳತಿ ಕಮಿಟಿಯ ಮುಂದೆ ನಿಮ್ಮಿಂದ ಬಯಸುತ್ತಿರುವುದೂ ಇದನ್ನೇ. ಆ ಕಾಲದಲ್ಲಿ ಧರ್ಮಶಾಸ್ತ್ರ ಬಲ್ಲ ಬೋಧಕರು ಇಂಥ ಪಾಲಿನ ವಿಷಯ ತೀರಿಸಿಕೊಡುವುದು ವಾಡಿಕೆಯಾಗಿತ್ತು, ಆದ್ದರಿಂದ ಬೇಡಿಕೆಯೇನೂ ವಿಚಿತ್ರವಲ್ಲ. ಯೇಸು ಕೊಟ್ಟ ಉತ್ತರ ಮಾತ್ರ ವಿಚಿತ್ರ: ಎಲೋ ಮನುಷ್ಯನೇ, ನನ್ನನ್ನು ನಿಮ್ಮ ಮೇಲೆ ನ್ಯಾಯಾಧಿಪತಿಯನ್ನಾಗಿಯೋ ಪಾಲು ಹಂಚುವವನನ್ನಾಗಿಯೋ ನೇಮಿಸಿದವರು ಯಾರು?

ಅಂದು ಮೋಶೆಯ ಮುಖಕ್ಕೆ ಬೇರೆಯವರು ಎಸೆದ ಮಾತನ್ನು ಯೇಸು ತನ್ನ ಬಾಯಿಂದ ತಾನೇ ಆಡುತ್ತಾನೆ. ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸುವವನು ಎಂದು ನಾವು ವಿಶ್ವಾಸಪ್ರಮಾಣದಲ್ಲಿ ವಾರವಾರವೂ ಹೇಳುವುದು ಈತನನ್ನೇ. ಅಂಥವನು ಹನ್ನೆರಡು ಗುಂಟೆಯ ತಕರಾರಿಗೆ ಕೈಹಾಕಲು ಒಲ್ಲೆ ಎಂದ. ಆದರೆ ಬೆನ್ನು ತಿರುಗಿಸಿ ಹೋಗಲೂ ಇಲ್ಲ. ಮುಂದಿನ ವಚನದಲ್ಲೇ ಲೋಭದ ಬಗ್ಗೆ ಎಚ್ಚರಿಸಿ, ಕಣಜ ಕಿತ್ತು ದೊಡ್ಡ ಕಣಜ ಕಟ್ಟಲು ಹೊರಟ ಐಶ್ವರ್ಯವಂತನ ಸಾಮ್ಯ (ದೃಷ್ಟಾಂತದ ಕಥೆ) ಹೇಳಿದ. ಎಚ್ಚರಿಕೆ ಹೇಳಿದ್ದು ಒಬ್ಬನಿಗಲ್ಲ, ಕೇಳುತ್ತಿದ್ದ ಎಲ್ಲರಿಗೂ. ಪಾಲು ಹಂಚುವುದನ್ನು ಬಿಟ್ಟು ರೋಗಕ್ಕೆ ಮದ್ದು ಕೊಟ್ಟ ಅನ್ನಿ.

ಕರೆಯದೆ ಹೋದವರಲ್ಲಿ ಕೆಟ್ಟವರು ಮಾತ್ರ ಇಲ್ಲ. ಅರಸ ಯೋಷೀಯನನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಯೆಹೂದದ ಒಳ್ಳೆಯ ಅರಸರ ಪಟ್ಟಿಯಲ್ಲಿ ಅವನ ಹೆಸರು ಮೇಲಿದೆ. ಧರ್ಮಶಾಸ್ತ್ರದ ಗ್ರಂಥ ಸಿಕ್ಕಿದಾಗ ಬಟ್ಟೆ ಹರಿದುಕೊಂಡು ಅತ್ತವನು, ದೇಶದಿಂದ ವಿಗ್ರಹಗಳನ್ನು ತೆಗೆಸಿದವನು. ಕ್ರಿ.ಪೂ. 609ರಲ್ಲಿ ಐಗುಪ್ತದ ಅರಸ ನೆಕೋ, ಯೂಫ್ರೇಟಿಸ್ ನದಿಯ ಮೇಲಿನ ಕರ್ಕೆಮೀಷಿಗೆ ಯುದ್ಧಕ್ಕೆ ಹೊರಟು ಈ ದಾರಿಯಲ್ಲಿ ಹಾದುಹೋಗುತ್ತಿದ್ದ. ನೋಡಿ, ಹಾದುಹೋಗುತ್ತಿದ್ದ. ಯೋಷೀಯ ಅಡ್ಡ ನಿಂತ. ನೆಕೋ ದೂತರನ್ನು ಕಳಿಸಿ, ನನಗೂ ನಿನಗೂ ಏನು, ನಾನು ನಿನ್ನ ಮೇಲೆ ಬಂದಿಲ್ಲ ಎಂದು ಹೇಳಿಸಿದ. ಯೋಷೀಯ ಕೇಳಲಿಲ್ಲ, ವೇಷ ಮರೆಸಿಕೊಂಡು ಮೆಗಿದ್ದೋ ಬಯಲಿಗೆ ಹೋದ, ಬಿಲ್ಲುಗಾರರ ಬಾಣಕ್ಕೆ ಬಿದ್ದ. ಅವನಿಗೆ ಆಗ ಮೂವತ್ತೊಂಬತ್ತು ವರ್ಷ. ಎರಡನೇ ಪೂರ್ವಕಾಲವೃತ್ತಾಂತ 35ನೇ ಅಧ್ಯಾಯ ಓದಿ. ದೇಶವೆಲ್ಲ ಗೋಳಾಡಿತು ಎಂದಿದೆ. ಭಕ್ತಿ ಇದ್ದಮಾತ್ರಕ್ಕೆ ನಾಯಿ ಕಚ್ಚದೆ ಬಿಡುವುದಿಲ್ಲ.

ಹೊಸ ಒಡಂಬಡಿಕೆ ಈ ವಿಷಯದಲ್ಲಿ ಇನ್ನೂ ಕಟುವಾಗಿದೆ. 1 ಪೇತ್ರ 4:15 ಒಂದು ಪಟ್ಟಿ ಕೊಡುತ್ತದೆ: ನಿಮ್ಮಲ್ಲಿ ಯಾರೂ ಕೊಲೆಗಾರನಾಗಿ, ಕಳ್ಳನಾಗಿ, ದುಷ್ಕರ್ಮಿಯಾಗಿ, ಪರರ ವಿಷಯದಲ್ಲಿ ತಲೆಹಾಕುವವನಾಗಿ ಶಿಕ್ಷೆ ಅನುಭವಿಸಬಾರದು. ಕೊಲೆಗಾರನ ಪಕ್ಕದಲ್ಲಿ ಉಸಾಬರಿ ಮಾಡುವವನಿಗೆ ಕುರ್ಚಿ! ಗ್ರೀಕ್ ಮೂಲದಲ್ಲಿ ಆ ಪದ ‘ಅಲ್ಲೊಟ್ರಿಎಪಿಸ್ಕೊಪೊಸ್’. ಇಡೀ ಸತ್ಯವೇದದಲ್ಲಿ ಇದೊಂದೇ ಕಡೆ ಬರುತ್ತದೆ, ಅದರ ನಿಖರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಪದ ಬಿಡಿಸಿದರೆ ‘ಅಲ್ಲೊಟ್ರಿಯೊಸ್’ ಎಂದರೆ ಬೇರೆಯವರದು, ‘ಎಪಿಸ್ಕೊಪೊಸ್’ ಎಂದರೆ ಮೇಲ್ವಿಚಾರಕ. ನಮ್ಮ ‘ಬಿಷಪ್’ ಎಂಬ ಪದವೂ ಈ ಎಪಿಸ್ಕೊಪೊಸ್‌ನಿಂದಲೇ ಬಂದದ್ದು. ಯಾರೂ ಕೈಯಿಟ್ಟು ಅಭಿಷೇಕ ಮಾಡದಿದ್ದರೂ ಊರವರ ಮನೆಗಳಿಗೆ ತಾನೇ ಬಿಷಪ್ ಆದವನು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಹುಡುಗರು ನಗುತ್ತಿದ್ದರು, ಪ್ರತಿಯೊಂದು ಸಭೆಯಲ್ಲೂ ಅಂಥ ಬಿಷಪ್ಪರು ಮೂರು ಮೂರು ಜನ ಇರುತ್ತಾರೆಂದು ಅವರಿಗೂ ಗೊತ್ತಿತ್ತು.

ಪೌಲ ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದಲ್ಲಿ (3:11) ಶ್ಲೇಷೆಯನ್ನೇ ಮಾಡುತ್ತಾನೆ: ಕೆಲವರು ‘ಎರ್ಗಜೊಮೆನೂಸ್’ ಅಲ್ಲ, ‘ಪೆರಿಎರ್ಗಜೊಮೆನೂಸ್’. ಕನ್ನಡದಲ್ಲಿ ಹೇಳುವುದಾದರೆ ಕೆಲಸ ಮಾಡುವವರಲ್ಲ, ಕೆಲಸಕ್ಕೆ ಬಾರದ್ದನ್ನು ಮಾಡುವವರು.

ಇನ್ನು ಎರಡನೇ ಗುರುತು, ಖರ್ಚು. ನಾಬಾಲನ ಹೆಂಡತಿ ಅಬೀಗೈಲಳನ್ನು ತೆಗೆದುಕೊಳ್ಳಿ (1 ಸಮುವೇಲ 25). ನಾಬಾಲ ಅವಮಾನ ಮಾಡಿದನೆಂದು ದಾವೀದ ಕತ್ತಿ ಕಟ್ಟಿಸಿಕೊಂಡು ಆಳುಗಳ ಸಮೇತ ಬರುತ್ತಿದ್ದಾನೆ, ಗಂಡ ಕುಡಿತದ ಅಮಲಿನಲ್ಲಿದ್ದಾನೆ. ಆಕೆ ಬುದ್ಧಿವಾದದ ಮಾತು ಹೊತ್ತುಕೊಂಡು ಹೋಗಲಿಲ್ಲ. ಇನ್ನೂರು ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಅಡಿಗೆ ಮಾಡಿದ ಐದು ಕುರಿ, ಹುರಿಗಾಳು, ನೂರು ಒಣದ್ರಾಕ್ಷಿಯ ಗೊಂಚಲು, ಇನ್ನೂರು ಅಂಜೂರದ ಉಂಡೆ, ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿಸಿ ಮುಂದೆ ಕಳಿಸಿದಳು. ಆಮೇಲೆ ತಾನು ಇಳಿದು ಸಾಷ್ಟಾಂಗ ಬಿದ್ದು, ಸ್ವಾಮೀ ಅಪರಾಧ ನನ್ನ ಮೇಲಿರಲಿ ಎಂದಳು. ಜಗಳ ಅವಳ ಮನೆಯದೇ, ಕತ್ತಿ ಬೀಳುವುದೂ ಅವಳ ಮನೆಯವರ ಮೇಲೆಯೇ. ಆದ್ದರಿಂದ ಅವಳನ್ನು ಯಾರೂ ‘ನೀನು ಯಾರು’ ಎಂದು ಕೇಳುವಂತಿರಲಿಲ್ಲ.

ಫಿಲೆಮೋನನಿಗೆ ಪೌಲ ಬರೆದ ಪುಟ್ಟ ಪತ್ರವೂ ಹೀಗೆಯೇ. ಒಡೆಯನನ್ನು ಬಿಟ್ಟು ಹೋಗಿದ್ದ ದಾಸ ಒನೇಸಿಮನನ್ನು ಪೌಲ ಹಿಂದಕ್ಕೆ ಕಳಿಸುತ್ತಾನೆ. ಇಬ್ಬರೂ ಅವನಿಗೆ ಬೇಕಾದವರು. ಅವನು ನಿನಗೆ ನಷ್ಟ ಮಾಡಿದ್ದರೆ, ಸಾಲ ಉಳಿಸಿಕೊಂಡಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆ, ಪೌಲನೆಂಬ ನಾನೇ ಕೈಯಾರೆ ಬರೆಯುತ್ತಿದ್ದೇನೆ, ನಾನೇ ಕೊಟ್ಟು ತೀರಿಸುತ್ತೇನೆ ಎಂದಿದ್ದಾನೆ. ಇದು ಹೆಚ್ಚುಕಡಿಮೆ ಪ್ರಾಮಿಸರಿ ನೋಟು. ಬೇರೆಯವರ ಜಗಳಕ್ಕೆ ಹೋಗುವ ಮುಂಚೆ ನನ್ನನ್ನು ನಾನು ಕೇಳಿಕೊಳ್ಳುವ ಪ್ರಶ್ನೆ ಇಲ್ಲಿಂದಲೇ ಬಂತು: ಇವರ ಬಾಕಿಯಲ್ಲಿ ಎಷ್ಟನ್ನು ನನ್ನ ಲೆಕ್ಕಕ್ಕೆ ಬರೆಸಿಕೊಳ್ಳಲು ತಯಾರಿದ್ದೇನೆ? ಬಹಳ ಸಲ ಉತ್ತರ ಸೊನ್ನೆ. ಆಗ ಚಪ್ಪಲಿ ಬಿಚ್ಚಿಟ್ಟು ಮನೆಯಲ್ಲೇ ಕೂರುತ್ತೇನೆ.

ಹಾಗೆ ಕೂರುವುದನ್ನು ಕಲಿಯಲು ನನಗೆ ಪೆಟ್ಟು ಬೀಳಬೇಕಾಯಿತು. ನಾನು ಸಭಾಪಾಲನೆಗೆ (ಪಾದ್ರಿ ಕೆಲಸಕ್ಕೆ) ಬಂದ ಎರಡನೇ ವರ್ಷ. ಹಳ್ಳಿಯೊಂದರಲ್ಲಿ ಎರಡು ಕುಟುಂಬಗಳ ನಡುವೆ ಹೊಲಕ್ಕೆ ಹೋಗುವ ದಾರಿಯ ತಕರಾರು. ಯಾರೂ ಕರೆಯದಿದ್ದರೂ, ಅಯ್ಯನವರು ಅಂದಮೇಲೆ ಇದು ನನ್ನ ಕೆಲಸ ಎಂದುಕೊಂಡು ಸಂಜೆ ಮೊಪೆಡ್ ಏರಿ ಹೋದೆ. ಮೊದಲ ಮನೆಯವರ ಮಾತು ಕೇಳುವಷ್ಟರಲ್ಲಿ ಎಂಟು ಗಂಟೆ. ಊಟ ಮಾಡಿಕೊಂಡೇ ಹೋಗಬೇಕು ಎಂದರು, ಮೀನು ಸಾರು ಮಾಡಿದ್ದರು, ಕೂತೆ. ಆಮೇಲೆ ಎದುರು ಮನೆಗೆ ಹೋದೆ. ಅಲ್ಲಿನ ಅಜ್ಜಿ ನನಗೆ ಚಾಪೆ ಹಾಸಿದರು, ನೀರು ಕೊಡಲು ಬಗ್ಗಿದವರು ಲೋಟ ಕೈಗಿಡುತ್ತಾ ಒಂದು ಕ್ಷಣ ತಡೆದು, ‘ಊಟ ಆಯ್ತಾ ಅಯ್ಯನೋರೇ?’ ಅಂದರು. ಕೈಯಲ್ಲಿ ಸಾರಿನ ವಾಸನೆ ಇತ್ತು. ಆಯ್ತಮ್ಮ ಅಂದೆ. ‘ಹಾಗಾದ್ರೆ ತೀರ್ಮಾನಾನೂ ಆಗಿರಬೇಕು’ ಅಂದು ಒಳಗೆ ಹೋದವರು ಮತ್ತೆ ಬರಲಿಲ್ಲ. ನಾನು ಒಂದು ಮಾತೂ ಆಡಿರಲಿಲ್ಲ. ಆ ಮನೆಯವರು ಎರಡು ವರ್ಷ ಬೇರೆ ಸಭೆಗೆ ಹೋದರು. ದಾರಿಯ ವಿಷಯ ಆಮೇಲೆ ಸರ್ವೆಯವರು ಬಂದು ಕಲ್ಲು ನೆಟ್ಟ ದಿನ ಬಗೆಹರಿಯಿತು, ನನ್ನ ನೆರವಿಲ್ಲದೆ.

ಈ ವಿಷಯದಲ್ಲಿ ಹಳೆಯ ಸಭಾಪಿತೃಗಳು (ಮೊದಲ ಶತಮಾನಗಳ ಕ್ರೈಸ್ತ ಗುರುಗಳು) ನಮಗಿಂತ ಹುಷಾರಿದ್ದರು. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ (ಇಂದಿನ ಅಲ್ಜೀರಿಯಾದ ಅನ್ನಾಬಾ) ಬಿಷಪರಾಗಿದ್ದ ಅಗಸ್ಟಿನ್ ದಿನದ ಬಹುಪಾಲು ಹೊತ್ತು ಜನರ ವ್ಯಾಜ್ಯ ಕೇಳುವುದರಲ್ಲೇ ಕಳೆಯುತ್ತಿದ್ದರು. ರೋಮನ್ ಕಾನೂನು ಬಿಷಪರಿಗೆ ಆ ಅಧಿಕಾರ ಕೊಟ್ಟಿತ್ತು. ಅವರ ಶಿಷ್ಯ ಪೊಸ್ಸಿದಿಯಸ್ ಬರೆದಿಟ್ಟಿರುವ ಎರಡು ಸಂಗತಿ ನನಗೆ ಬಹಳ ಇಷ್ಟ. ಗೆಳೆಯರಿಬ್ಬರ ವ್ಯಾಜ್ಯಕ್ಕಿಂತ ಅಪರಿಚಿತರಿಬ್ಬರ ವ್ಯಾಜ್ಯ ಕೇಳುವುದೇ ಲೇಸು ಎನ್ನುತ್ತಿದ್ದರಂತೆ ಅಗಸ್ಟಿನ್: ಅಪರಿಚಿತರಲ್ಲಿ ಗೆದ್ದವನು ಗೆಳೆಯನಾಗುತ್ತಾನೆ, ಗೆಳೆಯರಲ್ಲಿ ಸೋತವನು ಕೈಬಿಟ್ಟು ಹೋಗುತ್ತಾನೆ. ಇನ್ನೊಂದು, ಮಿಲಾನಿನ ಬಿಷಪ್ ಆಂಬ್ರೋಸರಿಂದ ಕಲಿತ ನಿಯಮ: ಯಾರಿಗೂ ಹೆಣ್ಣು ಹುಡುಕಿಕೊಡಬಾರದು. ಯಾಕೆಂದರೆ ಮುಂದೆ ಗಂಡ ಹೆಂಡತಿ ಕಿತ್ತಾಡಿದಾಗ ಇಬ್ಬರೂ ಸೇರಿ ಶಪಿಸುವುದು ಜೋಡಿ ಮಾಡಿದವನನ್ನೇ. ನಮ್ಮೂರಿನ ಮದುವೆ ಬ್ರೋಕರುಗಳನ್ನು ಕೇಳಿ ನೋಡಿ, ಹದಿನಾರು ಶತಮಾನ ಕಳೆದರೂ ಬದಲಾಗಿಲ್ಲ ಅನ್ನುತ್ತಾರೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠಗಳಿಗೆ ಬರೆದ ನಿಯಮದ 69ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ: ಮಠದಲ್ಲಿ ಒಬ್ಬನ ಪರ ಇನ್ನೊಬ್ಬ ವಕಾಲತ್ತು ವಹಿಸಕೂಡದು, ರಕ್ತಸಂಬಂಧಿಯಾದರೂ ಸರಿ. ಇಬ್ಬರ ಮನಸ್ತಾಪ ಇಡೀ ಮಠದ ಬಣಗಳಾಗುವುದು ಇಂಥ ಪರವಹಿಸುವುದರಿಂದ ಎಂದು ಆತನಿಗೆ ಗೊತ್ತಿತ್ತು.

ಆದರೆ ಒಂದು ಮಾತು ನಿಲ್ಲಿಸಿ ಹೇಳಬೇಕು. ಜಗಳ ಅಲ್ಲದ್ದನ್ನು ಜಗಳ ಎಂದು ಕರೆದು ಈ ವಚನದ ಹಿಂದೆ ಅಡಗಬಾರದು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುತ್ತಿದ್ದರೆ ಅದು ‘ಉಂಡು ಮಲಗುವ ತನಕ’ದ ಗಾದೆಗೆ ಸೇರುವುದಿಲ್ಲ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಅದು ಮನೆಯ ಒಳಗಿನ ವಿಷಯವೂ ಅಲ್ಲ. ಒಬ್ಬರ ಕೈ ಮೇಲಿದ್ದು ಇನ್ನೊಬ್ಬರು ಬಾಯಿ ಬಿಡಲಾರದೆ ಇರುವಲ್ಲಿ, ಮೂಕರಿಗಾಗಿ ಬಾಯಿ ತೆರೆ ಎಂಬ ಜ್ಞಾನೋಕ್ತಿ 31:8 ಅನ್ವಯಿಸುತ್ತದೆ. ಅದೇ ಮೋಶೆ ಮಿದ್ಯಾನಿನ ಬಾವಿಯ ಹತ್ತಿರ ಕುರುಬರು ಹೆಣ್ಣುಮಕ್ಕಳನ್ನು ಓಡಿಸುವುದನ್ನು ಕಂಡಾಗ ಎದ್ದು ನಿಂತು ಅವರ ಕುರಿಗಳಿಗೆ ನೀರು ಸೇದಿಕೊಟ್ಟ. ಅಲ್ಲಿ ಯಾರೂ ‘ನಿನ್ನನ್ನು ನೇಮಿಸಿದವರು ಯಾರು’ ಎಂದು ಕೇಳಿದ್ದು ಬರೆದಿಲ್ಲ. ಮಹಿಳಾ ಸಹಾಯವಾಣಿ 181, ಮಕ್ಕಳದು 1098, ತುರ್ತಿಗೆ 112. ಇವುಗಳಿಗೆ ಫೋನ್ ಮಾಡಲು ಕಮಿಟಿಯ ಒಪ್ಪಿಗೆ ಬೇಕಿಲ್ಲ.

ನಿಮ್ಮ ಕಾಗದದ ವಿಷಯ ಹಾಗಲ್ಲ. ಅದು ಪಾಲಿನ ವಿಷಯ. ಅದರಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಸಾಲಿದೆ: ತಂಗಿಯೊಬ್ಬಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ನೀವು ಅದನ್ನು ಹಾಗೇ ಹೇಳಿ ದಾಟಿಬಿಟ್ಟಿರಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಗಂಡ ಉಯಿಲು ಬರೆಯದೆ ತೀರಿಕೊಂಡು ಹೆಂಡತಿ ಮಕ್ಕಳಿದ್ದರೆ ಅವನ ಆಸ್ತಿಯಲ್ಲಿ ಮೂರನೇ ಒಂದು ಭಾಗ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಎಂಬ ಭೇದವಿಲ್ಲದೆ. ನೀವು ಕೊಟ್ಟ ವಿವರ ಸರಿಯಿದ್ದರೆ ಲೆಕ್ಕ ಒಂಬತ್ತು ಭಾಗವಾಗುತ್ತದೆ: ತಾಯಿಗೆ ಮೂರು, ಮೂವರು ಮಕ್ಕಳಿಗೆ ಎರಡೆರಡು. ಅಣ್ಣತಮ್ಮಂದಿರು ಅರ್ಧರ್ಧಕ್ಕೆ ಹೊಡೆದಾಡುತ್ತಿದ್ದಾರೆ, ಎರಡು ಮನೆಯ ಹೆಂಗಸರು ಬೀದಿಗೆ ಬಂದಿದ್ದಾರೆ, ನೀವು ನಡುವೆ ನಿಂತು ಯಾರ ಅರ್ಧ ದೊಡ್ಡದು ಎಂದು ತೂಗುತ್ತಿದ್ದೀರಿ. ಅತಿ ದೊಡ್ಡ ಪಾಲಿನ ಒಡತಿ ಒಳಗಿನ ಕೋಣೆಯಲ್ಲಿ ಕೂತಿದ್ದಾರೆ, ಇನ್ನೊಬ್ಬ ಪಾಲುದಾರಳು ಶಿವಮೊಗ್ಗದಲ್ಲಿ. ಅವರಿಬ್ಬರ ಮಾತನ್ನು ಕೇಳಿದವರೇ ಇಲ್ಲ. ಮೊದಲು ವಾದಿಸಿದವನು ನ್ಯಾಯವಂತನಾಗಿ ಕಾಣುತ್ತಾನೆ, ಎದುರಾಳಿ ಬಂದು ವಿಚಾರಿಸುವ ತನಕ ಎಂದು ಜ್ಞಾನೋಕ್ತಿ 18:17 ಹೇಳುವುದು ಇದನ್ನೇ. ಹೊರಗಿನವರಿಗೆ ಪೂರ್ತಿ ಜಗಳ ಕಾಣುವುದಿಲ್ಲ, ಕಂಡಿದೆ ಎಂಬ ಭ್ರಮೆ ಮಾತ್ರ ಇರುತ್ತದೆ. ಈ ಕಾನೂನಿನ ಮಾತನ್ನು ಹೊತ್ತುಕೊಂಡು ನೀವೇ ಹೋಗಿ ಅವರಿಗೆ ಹೇಳಬೇಡಿ, ದಯವಿಟ್ಟು! ಒಳ್ಳೆಯ ವಕೀಲರನ್ನೋ, ಜಿಲ್ಲಾ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರವನ್ನೋ ಕಾಣಲಿ. 1 ಕೊರಿಂಥ 6ರಲ್ಲಿ ಪೌಲ, ಸಹೋದರರ ನಡುವೆ ತೀರ್ಮಾನಿಸಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿಲ್ಲವೇ ಎಂದು ಕೇಳಿದ್ದು ನಿಜ. ಬುದ್ಧಿವಂತ ಬೇಕು ಎಂದನೇ ಹೊರತು ಎರಡು ಕಡೆಗೂ ಗೆಳತಿಯಾದವಳು ಬೇಕು ಎನ್ನಲಿಲ್ಲ.

ಕಮಿಟಿ ಕರೆದರೆ? ಹೋಗಿ. ಆದರೆ ಧರ್ಮೋಪದೇಶಕಾಂಡ 19:15 ಮತ್ತು ಮತ್ತಾಯ 18:16 ಕೇಳುವುದು ಸಾಕ್ಷಿಗಳನ್ನು, ಬೆಂಬಲಿಗರನ್ನಲ್ಲ. ನಿಮ್ಮ ಕಣ್ಣಾರೆ ಕಂಡದ್ದನ್ನು, ಕೇಳಿದವರಿಗೆ, ಕೇಳಿದಷ್ಟು ಹೇಳಿ. ಪಾಲಿನ ಬಗ್ಗೆ ನೀವು ಕಂಡದ್ದೇನೂ ಇಲ್ಲ, ಹಾಗೆಯೇ ಹೇಳಿ ಕೂತುಕೊಳ್ಳಿ. ಗೆಳತಿಗೆ ಇದನ್ನು ಮುಂಚೆಯೇ ತಿಳಿಸಿಬಿಡಿ, ಅಲ್ಲಿ ಹೋಗಿ ಕೈಕೊಟ್ಟಂತಾಗಬಾರದು.

ಸಂಜೆ ಬಂದು ಅಳುವ ಗೆಳತಿಯನ್ನು ಹೊರಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಸರಿಯಾಗಿ ಮಾಡಿದ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಕೆಟ್ಟಿತು. ಕೂರಿಸಿ, ಕಾಫಿ ಕೊಡಿ, ಕೇಳಿ. ಕೇಳುವಾಗ ಬಾಯಿಂದ ಏನು ಬೀಳುತ್ತದೆ ನೋಡಿಕೊಳ್ಳಿ. ನಮ್ಮ ಕನ್ನಡದಲ್ಲಿ ‘ಹೌದಾ’ಕ್ಕೂ ‘ಹೌದು’ಗೂ ಒಂದು ಅಕ್ಷರದ ಅಂತರ. ‘ಅವನಿಗೆ ದುರಾಸೆ ಟೀಚರ್’ ಎಂದು ಆಕೆ ಅಂದಾಗ ನೀವು ‘ಹೌದು ಕಣೇ’ ಎಂದರೆ, ರಾತ್ರಿ ಎಂಟಕ್ಕೆ ಅದು ‘ಟೀಚರೂ ಅವನಿಗೆ ದುರಾಸೆ ಅಂದ್ರು’ ಆಗಿರುತ್ತದೆ. ಅಗಸ್ಟಿನ್ ತನ್ನ ತಾಯಿ ಮೋನಿಕಾಳ ಬಗ್ಗೆ ಒಂದು ಮಾತು ಬರೆದಿದ್ದಾರೆ. ಜಗಳವಾಡಿದ ಹೆಂಗಸರು ಒಬ್ಬರ ಮೇಲೊಬ್ಬರು ಕಾರಿದ ಕಹಿಯನ್ನೆಲ್ಲ ಆಕೆ ಕೇಳಿಸಿಕೊಳ್ಳುತ್ತಿದ್ದಳು. ಇಬ್ಬರನ್ನೂ ಒಂದುಗೂಡಿಸಬಲ್ಲ ಮಾತು ಏನಾದರೂ ಇದ್ದರೆ ಮಾತ್ರ ಅತ್ತ ಇತ್ತ ತಲುಪಿಸುತ್ತಿದ್ದಳು, ಉಳಿದದ್ದು ಅವಳ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ವಿಶೇಷವೆಂದು ಬರೆಯಲು ಇದೇನು ದೊಡ್ಡ ಗುಣ ಎಂದು ತೋರುತ್ತಿತ್ತು, ಆದರೆ ಇದಕ್ಕೆ ತದ್ವಿರುದ್ಧವಾಗಿ ನಡೆಯುವ ಎಷ್ಟೋ ಜನರನ್ನು ಕಂಡಿದ್ದೇನೆ ಎಂಬರ್ಥದ ಮಾತನ್ನೂ ಸೇರಿಸಿದ್ದಾರೆ. ನಿಮ್ಮ ಫಾರ್ವರ್ಡ್ ಗುಂಡಿಗೆ ಮೋನಿಕಾಳ ಹೊಟ್ಟೆ ಇಲ್ಲ. ಅಳುವ ದನಿಯನ್ನು, ಸಿಟ್ಟಿನಲ್ಲಿ ಆಡಿದ ಎರಡು ಮಾತಿನ ಸಮೇತ, ಹಾಗೆಯೇ ಎತ್ತಿ ಎದುರು ಮನೆಗೆ ಹಾಕಿತು.

ಇದನ್ನೇ ಪ್ರಾರ್ಥನಾ ಕೂಟಕ್ಕೂ ಹೇಳುತ್ತೇನೆ. ‘ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಬೇರೆ ಯಾರಿಗೂ ಹೇಳಬೇಡಿ’ ಎಂದು ಶುರುವಾಗುವ ಚಾಡಿಯಷ್ಟು ಬೇಗ ಊರು ಸುತ್ತುವುದು ಬೇರೆ ಇಲ್ಲ. ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಂತೆ, ‘ಕರ್ತನೇ, ಆ ಮನೆಯ ಹಿರಿಯ ಮಗನ ಲೋಭವನ್ನು ತೆಗೆದುಹಾಕು’ ಎನ್ನುವುದು ಪ್ರಾರ್ಥನೆಯ ವೇಷದ ತೀರ್ಪು. ಪ್ರಾರ್ಥಿಸಬೇಕೆನಿಸಿದರೆ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ, ಎರಡೂ ಮನೆಯವರ ಹೆಸರು ಹೇಳಿ, ವಿಶೇಷಣ ಸೇರಿಸದೆ.

ಈಗ ಭಾನುವಾರದ ಪ್ರಶ್ನೆ. ಅಣ್ಣತಮ್ಮಂದಿರ ಜಗಳ ನಿಮ್ಮದಲ್ಲ ಎಂದು ಇಷ್ಟುದ್ದ ಬರೆದೆ. ಆದರೆ ಆ ವಾಯ್ಸ್ ಮೆಸೇಜ್ ಕಳಿಸಿದ ಗಳಿಗೆಯಿಂದ ನಿಮಗೇ ಸ್ವಂತದ್ದೊಂದು ಜಗಳ ಹುಟ್ಟಿದೆ. ಅಣ್ಣನ ಹೆಂಡತಿಗೆ ನಿಮ್ಮ ಮೇಲೆ ಬೇಸರವಿದೆ, ನಿಮ್ಮ ಗೆಳತಿಯ ನಂಬಿಕೆಯನ್ನೂ ನೀವು ಮುರಿದಿದ್ದೀರಿ. ಮತ್ತಾಯ 5:23 ಹೇಳುವುದು ಇಂಥದ್ದನ್ನೇ: ಯಜ್ಞವೇದಿಯ ಮುಂದೆ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ವಿರೋಧವಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು. ಇಲ್ಲಿ ‘ನಿನ್ನನ್ನು ನೇಮಿಸಿದವರು ಯಾರು’ ಎಂದು ಯಾರೂ ಕೇಳಲಾರರು. ಈ ಜಗಳಕ್ಕೆ ನೀವೇ ಒಡತಿ, ಖರ್ಚೂ ನಿಮ್ಮದೇ.

ಮೊದಲು ಗೆಳತಿಯ ಬಳಿಗೆ ಹೋಗಿ. ‘ನೀನು ನಂಬಿ ಕಳಿಸಿದ್ದನ್ನು ನಾನು ನಿನ್ನನ್ನು ಕೇಳದೆ ಬೇರೆಯವರಿಗೆ ಕಳಿಸಿದೆ. ತಪ್ಪಾಯ್ತು.’ ಅಷ್ಟೇ. ‘ನಿಮಗೆ ಒಳ್ಳೇದಾಗಲಿ ಅಂತ’ ಎಂಬ ಬಾಲ ಬೇಡ. ಅದು ಕ್ಷಮೆ ಕೇಳುವ ಮಾತನ್ನು ವಾದ ಮಾಡಿಬಿಡುತ್ತದೆ. ನೀವು ಅಲ್ಲಿಗೂ ಹೋಗುತ್ತೀರೆಂದು ಅವಳಿಗೆ ಹೇಳಿಯೇ ಹೊರಡಿ. ಇನ್ನೊಂದು ದಿನ, ಅಣ್ಣನ ಮನೆಗೆ. ಒಬ್ಬರೇ ಹೋಗಿ, ಯಜಮಾನರನ್ನೂ ಕರೆದುಕೊಂಡು ಹೋಗಬೇಡಿ, ಇಬ್ಬರಾದರೆ ನಿಯೋಗವಾಗುತ್ತದೆ. ಫೋನಿನಲ್ಲಿ ಬೇಡ. ಊಟದ ಹೊತ್ತೂ ಬೇಡ, ನನ್ನ ಮೀನು ಸಾರು ನೆನಪಿರಲಿ. ‘ಆ ಮೆಸೇಜ್ ನಿಮಗೆ ಕಳಿಸಬಾರದಿತ್ತು, ನಿಮ್ಮ ಮನಸ್ಸಿಗೆ ನೋವು ಮಾಡಿದೆ’ ಎಂದು ಹೇಳಿ ಸುಮ್ಮನಾಗಿ. ಆಕೆ ಬೈದರೆ ಬೈಸಿಕೊಳ್ಳಿ. ಕಾಫಿ ಕೊಟ್ಟರೆ ಕುಡಿಯಿರಿ. ಒಳಗೆ ಅತ್ತೆಯವರಿದ್ದರೆ ಮಾತಾಡಿಸಿ, ಆರೋಗ್ಯ ವಿಚಾರಿಸಿ. ಜಾಗದ ಮಾತು ಎತ್ತಿದರೆ, ಅದು ನಿಮ್ಮ ನಿಮ್ಮ ವಿಷಯ ಅಕ್ಕಾ, ನಾನು ನನ್ನ ತಪ್ಪಿಗೆ ಮಾತ್ರ ಬಂದೆ ಎಂದು ಹೇಳಿ ಎದ್ದು ಬನ್ನಿ.

ಅವರು ಕ್ಷಮಿಸಿದರೂ ಸರಿ, ಮುಖ ತಿರುಗಿಸಿದರೂ ಸರಿ, ಆಮೇಲೆ ಭಾನುವಾರ ಕರ್ತನ ಭೋಜನಕ್ಕೆ ಹೋಗಿ. ಎರಡು ಮನೆಯವರೂ ಬೇರೆ ಬೇರೆ ಬೆಂಚಿನಲ್ಲಿ ಕೂತಿರುತ್ತಾರೆ. ನೀವು ಯಾವಾಗಲೂ ಕೂರುವ ಜಾಗದಲ್ಲೇ ಕೂತುಕೊಳ್ಳಿ.